ಒಡೆದ ಮೊಲೆತೊಟ್ಟಿಗೆ ಲ್ಯಾನೋಲಿನ್ ಕ್ರೀಮ್: ಐದಕ್ಕೆ ಮೂರು ಸ್ಟಾರ್

ಹೆರಿಗೆಯಾದ ನಾಲ್ಕನೇ ದಿನ ಕೇಳಿದ್ದರೆ ಈ ಕ್ರೀಮಿಗೆ ಐದು ಸ್ಟಾರ್ ಕೊಡುತ್ತಿದ್ದೆ. ಆರನೇ ದಿನ ಕೇಳಿದ್ದರೆ ಟ್ಯೂಬನ್ನು ಗೋಡೆಗೆ ಎಸೆಯುತ್ತಿದ್ದೆ. ಈಗ ಮಗಳಿಗೆ ಒಂಬತ್ತು ವಾರ. ತಲೆ ಸ್ವಲ್ಪ ತಣ್ಣಗಾಗಿದೆ, ಹಾಗಾಗಿ ಮೂರು.

ಮೂರನೇ ದಿನವೇ ನನ್ನ ಎಡ ತೊಟ್ಟು ಬಿರುಕು ಬಿಟ್ಟಿತ್ತು. ಮಗು ಬಾಯಿ ಹಾಕಿದ ಕೂಡಲೇ ಕಾಲ್ಬೆರಳು ಮುದುಡಿಕೊಳ್ಳುತ್ತಿದ್ದವು. ಹಸುಗೂಸು ದಿನಕ್ಕೆ 8ರಿಂದ 12 ಸಲ ಕುಡಿಯುತ್ತದೆ ಎಂದು ಬಸುರಿಯಾಗಿದ್ದಾಗ ಓದಿದ್ದೆ. ಆಗ ಅದು ಬರೀ ಲೆಕ್ಕ. ತೊಟ್ಟು ಒಡೆದ ಮೇಲೆ ಮಗು ಅತ್ತಾಗಲೆಲ್ಲ ಗಡಿಯಾರ ನೋಡಿ, "ಈಗ ತಾನೇ ಕುಡಿದ್ಯಲ್ಲೇ" ಎಂದು ನಾನೂ ಅಳುತ್ತಿದ್ದೆ. "ಎಲ್ಲರಿಗೂ ಹಾಗೇ ಕಣೇ, ತಡ್ಕೋ" ಅಂದಳು ಅಕ್ಕ. ತಡೆದುಕೊಂಡೆ. ತಪ್ಪಾಗಿದ್ದೇ ಅಲ್ಲಿ.

ಕ್ರೀಮಿನ ವಿಷಯಕ್ಕೆ ಬರುತ್ತೇನೆ. ಲ್ಯಾನೋಲಿನ್ ಅಂದರೆ ಕುರಿಯ ಉಣ್ಣೆಯಿಂದ ತೆಗೆಯುವ ಜಿಡ್ಡು. ಶುದ್ಧ ಮಾಡಿದ್ದಾದರೆ ಹಾಲು ಕುಡಿಸುವ ಮುಂಚೆ ಒರೆಸಬೇಕಾಗಿಲ್ಲ. ಇದು ನಿಜಕ್ಕೂ ದೊಡ್ಡ ಅನುಕೂಲ. ರಾತ್ರಿ ಎರಡು ಗಂಟೆಗೆ ಹಸಿ ಗಾಯವನ್ನು ಬಟ್ಟೆಯಿಂದ ಒರೆಸುವುದು ಎಂಥ ಹಿಂಸೆ ಅಂತ ಒರೆಸಿದವರಿಗೇ ಗೊತ್ತು. ನೋಡಲು ಜೇನಿನ ಬಣ್ಣ, ಅದಕ್ಕಿಂತ ಗಟ್ಟಿ. ಟ್ಯೂಬಿನಿಂದ ತೆಗೆದು ನೇರ ಹಚ್ಚಲು ಹೋದರೆ ಚರ್ಮವನ್ನೇ ಎಳೆಯುತ್ತದೆ, ಪ್ರಾಣ ಹೋಗುತ್ತದೆ. ಬಟಾಣಿ ಕಾಳಿಗಿಂತ ಚಿಕ್ಕ ಚೂರು ಸಾಕು. ಎರಡು ಬೆರಳ ನಡುವೆ ಉಜ್ಜಿ, ಬೆಚ್ಚಗಾದ ಮೇಲೆ ಮೆಲ್ಲಗೆ ಒತ್ತಿ. ಬಟ್ಟೆಗೆ ತಗುಲಿದರೆ ಎಣ್ಣೆ ಕಲೆ ಗ್ಯಾರಂಟಿ, ನನ್ನ ಎರಡು ನೈಟಿ ಹೋದವು. ಉಣ್ಣೆ ಅಲರ್ಜಿ ಇದ್ದವರು ಹುಷಾರು.

ಹಚ್ಚಿದ ಮೇಲೆ ಉರಿ ಕಡಿಮೆಯಾಯಿತು. ಒಳಉಡುಪಿಗೆ ತೊಟ್ಟು ಅಂಟಿಕೊಂಡು, ಬಿಡಿಸುವಾಗ ಮತ್ತೆ ಸೀಳುವುದೂ ನಿಂತಿತು. ಅಷ್ಟಕ್ಕೆ ಮೂರು ಸ್ಟಾರ್ ಪೂರ್ತಿ ಸಲ್ಲುತ್ತದೆ. ಆದರೆ ಎರಡು ಗಂಟೆಗೊಮ್ಮೆ ಮಗು ಬಂದು ಅದೇ ಜಾಗವನ್ನು ಅರೆದು ಹೋಗುತ್ತಿತ್ತು. ನಾನು ಮತ್ತೆ ಹಚ್ಚುತ್ತಿದ್ದೆ, ಅದು ಮತ್ತೆ ಅರೆಯುತ್ತಿತ್ತು.

ಐದನೇ ದಿನ ಹಾಲು ತುಂಬಿ ಎದೆ ಕಲ್ಲಾಯಿತು. ತೊಟ್ಟು ಚಪ್ಪಟೆಯಾಗಿ ಮಗುವಿಗೆ ಹಿಡಿತವೇ ಸಿಗಲಿಲ್ಲ. ಆರನೇ ದಿನ ತೂಕ ನೋಡಿಸಲು ಹೋದೆವು. ಮೊದಲ ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ. ಆದರೆ ಅಷ್ಟು ಹೊತ್ತಿಗೆ ಏರತೊಡಗಬೇಕಿತ್ತು, ಏರಿರಲಿಲ್ಲ. ಅಲ್ಲಿದ್ದ ನರ್ಸ್, "ಎಲ್ಲಿ, ನನ್ನ ಮುಂದೆ ಒಂದ್ಸಲ ಕುಡಿಸಮ್ಮ" ಅಂದರು. ಕುಡಿಸಿದೆ. ಮಗು ಬಾಯಿ ಬಿಟ್ಟಾಗ ತೊಟ್ಟನ್ನು ತೋರಿಸಿ, "ನೋಡು, ಹೊಸ ಲಿಪ್‌ಸ್ಟಿಕ್ ತುದಿ ಥರ ಓರೆಯಾಗಿದೆ. ತುದಿ ಮಾತ್ರ ಕಚ್ಚಿಕೊಂಡಿದ್ದಾಳೆ" ಅಂದರು.

ಮಗು ಚೀಪುವುದು ತೊಟ್ಟನ್ನು ಅಂತ ನಾನು ತಿಳಿದಿದ್ದೆ. ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕಂತೆ. ಆಗ ತೊಟ್ಟು ಅಂಗುಳಿನ ಹಿಂದಿನ ಮೆತ್ತನೆ ಜಾಗ ತಲುಪುತ್ತದೆ. ಮುಂದೆಯೇ ಉಳಿದರೆ ನಾಲಗೆಗೂ ಗಟ್ಟಿ ಅಂಗುಳಿಗೂ ನಡುವೆ ಸಿಕ್ಕಿ ನಜ್ಜುಗುಜ್ಜು. ಮೊದಲು ಅವರು ತೊಟ್ಟಿನ ಸುತ್ತ ಬೆರಳಿಟ್ಟು ಒಂದು ನಿಮಿಷ ಮೆಲ್ಲಗೆ ಒಳಗೆ ಒತ್ತಿಸಿದರು, ನಾಲ್ಕು ಹನಿ ಹಿಂಡಿಸಿದರು. ಆ ಜಾಗ ಮೆತ್ತಗಾಯಿತು. ಆಮೇಲೆ ಮಗುವಿನ ಹೊಟ್ಟೆ ನನ್ನ ಹೊಟ್ಟೆಗೆ, ಮೂಗು ತೊಟ್ಟಿನ ನೇರಕ್ಕೆ. ತೊಟ್ಟಿನಿಂದ ಮೇಲ್ತುಟಿ ಸವರಿ ಕಾಯಬೇಕು. ಆಕಳಿಸುವಷ್ಟು ಬಾಯಿ ತೆರೆದಾಗ ತಟ್ಟನೆ ಮಗುವನ್ನು ಹತ್ತಿರ ಎಳೆದುಕೊಳ್ಳಬೇಕು, ಗದ್ದ ಮೊದಲು ತಾಗುವ ಹಾಗೆ. ನಾನು ಇಷ್ಟು ದಿನ ಬೆನ್ನು ಬಗ್ಗಿಸಿ ಎದೆಯನ್ನೇ ಮಗುವಿನ ಬಾಯಿಗೆ ತುರುಕುತ್ತಿದ್ದೆ. ಮೊದಲ ಅರ್ಧ ನಿಮಿಷ ನೋವಾಗಬಹುದು, ಅದಾದ ಮೇಲೂ ಚುಚ್ಚುತ್ತಿದ್ದರೆ ತಡೆದುಕೊಂಡು ಕೂರಬೇಡ ಅಂದರು. ಹಾಗಂತ ಸುಮ್ನೆ ಎಳೆಯಬಾರದು. ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಗೆ ತೂರಿಸಿ ಹಿಡಿತ ಬಿಡಿಸಿ, ಮತ್ತೆ ಮೊದಲಿನಿಂದ. ಆ ರಾತ್ರಿ ಒಂದೇ ಸಲಕ್ಕೆ ಏಳು ಬಾರಿ ಬಿಡಿಸಿದ್ದೇನೆ. ಮಗಳಿಗೂ ಸಿಟ್ಟು, ನನಗೂ ಸಿಟ್ಟು.

ಹನ್ನೊಂದನೇ ದಿನಕ್ಕೆ ಗಾಯ ಮಾಯಿತು. ಕ್ರೀಮಿನಿಂದಲೇ? ಹಾಗೆ ಹೇಳಲಾರೆ. ತೊಟ್ಟು ನೋವಿನ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ (ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಸಂಸ್ಥೆ) ವರದಿಯೊಂದು 2014ರಲ್ಲಿ ಬಂದಿದೆ. ಏನೂ ಹಚ್ಚದಿರುವುದು ಅಥವಾ ಎದೆಹಾಲನ್ನೇ ಹಚ್ಚುವುದು ಲ್ಯಾನೋಲಿನ್‌ನಷ್ಟೇ, ಇಲ್ಲವೇ ಅದಕ್ಕಿಂತಲೂ ಒಳ್ಳೆಯದಿರಬಹುದು ಅನ್ನುತ್ತದೆ ಅದು. ಏನೇ ಹಚ್ಚಲಿ ಬಿಡಲಿ, ಹೆಚ್ಚಿನವರಿಗೆ ಹೆರಿಗೆಯಾಗಿ 7ರಿಂದ 10 ದಿನದಲ್ಲಿ ನೋವು ಇಳಿಯುತ್ತದಂತೆ. ಎಂಟನೇ ದಿನದ ಬಳಿಕ ನಾನೂ ಹಗಲು ಎರಡು ಹನಿ ಹಾಲು ಸವರಿ ಗಾಳಿಗೆ ಒಣಗಲು ಬಿಡುತ್ತಿದ್ದೆ. ರಾತ್ರಿಗೆ ಮಾತ್ರ ಕ್ರೀಮ್. ಸೋಪು ಹಾಕುವುದನ್ನಂತೂ ಬಿಟ್ಟೇಬಿಟ್ಟೆ, ಚರ್ಮ ಒಣಗುತ್ತದೆ.

ಇದರ ಜೊತೆಗೆ ಕೊಂಡ ಇನ್ನೆರಡರ ಬಗ್ಗೆ ಚುಟುಕಾಗಿ. ತಂಪು ಜೆಲ್ ಪ್ಯಾಡ್ ಹಾಯಾಗಿದೆ, ಆದರೆ ಕ್ರೀಮ್ ಹಚ್ಚಿದ ಮೇಲೆ ಅದನ್ನು ಇಡುವಂತಿಲ್ಲ. ತೊಟ್ಟಿನ ಮೇಲಿಟ್ಟು ಹಾಲು ಕುಡಿಸುವ ಸಿಲಿಕೋನ್ ಶೀಲ್ಡ್ ಅನ್ನು ನಾನಾಗಿಯೇ ಅಂದಾಜಿಗೆ ತರಿಸಿದೆ, ಅಳತೆ ತಪ್ಪಿತು, ಡಬ್ಬಿಯಲ್ಲೇ ಕೂತಿದೆ. ಅದು ಬೇಕಾದರೆ ಗೊತ್ತಿರುವವರಿಗೆ ತೋರಿಸಿ, ಅಳತೆ ನೋಡಿಸಿ ತೆಗೆದುಕೊಳ್ಳಿ.

ಒಂದು ಮಾತು ಮಾತ್ರ ಗಂಭೀರವಾಗಿ. ಮೂರನೇ ವಾರ ಬಲ ಎದೆಯಲ್ಲಿ ಕೆಂಪು ಪಟ್ಟೆ ಎದ್ದು, ಚಳಿ ಜ್ವರ ಬಂತು. ಅದಕ್ಕೂ ಕ್ರೀಮ್ ಹಚ್ಚಿಕೊಂಡು ಅರ್ಧ ದಿನ ಹಾಳು ಮಾಡಿದೆ, ದಡ್ಡಿ. ಅದು ಎದೆಯ ಬಾವು, ಡಾಕ್ಟರ ಕೆಲಸ. ಆಂಟಿಬಯೋಟಿಕ್ ಬರೆದುಕೊಟ್ಟರು, ಹಾಲು ಕುಡಿಸುವುದನ್ನು ನಿಲ್ಲಿಸಬೇಡಿ ಅಂದರು. ಜೋರು ಉರಿ, ತುರಿಕೆ ಇದ್ದರೂ, ಮಗು ಸರಿಯಾಗಿ ಹಿಡಿದ ಮೇಲೂ ಗಾಯ ಮಾಯದಿದ್ದರೂ ತೋರಿಸಿಬಿಡಿ. ಶಿಲೀಂಧ್ರ ಸೋಂಕು ಇರಬಹುದು, ಮಗುವಿನ ನಾಲಗೆ ಕೆಳಗಿನ ಪೊರೆ ಬಿಗಿಯಾಗಿರಬಹುದು.

ಟ್ಯೂಬ್ ಇನ್ನೂ ಅರ್ಧ ಉಳಿದಿದೆ. ತುಟಿ ಒಡೆದಾಗ ಹಚ್ಚಿಕೊಳ್ಳುತ್ತಿದ್ದೇನೆ. ತುಟಿಗಾದರೆ ಐದು ಸ್ಟಾರ್.