ಸಿಮ್, ಕಾರ್ಟ್, ಫಾರ್ಮುಲಾ ಕಾರು: ಮೂರಕ್ಕೂ ದುಡ್ಡು ಸುರಿದವನ ಹೋಲಿಕೆ

ಅಕ್ಕನ ಮಗನಿಗೆ ಈಗ 11 ವರ್ಷ. 2025ರಲ್ಲಿ ಕುಶ್ ಮೈನಿ ಮೊನಾಕೊದಲ್ಲಿ ಫಾರ್ಮುಲಾ 2ರ (ಫಾರ್ಮುಲಾ 1ಕ್ಕಿಂತ ಒಂದು ಮೆಟ್ಟಿಲು ಕೆಳಗಿನದು) ಸ್ಪ್ರಿಂಟ್ ರೇಸ್ ಗೆದ್ದಾಗಿನಿಂದ ಅವನಿಗೆ ಬೇರೆ ಮಾತೇ ಇಲ್ಲ. "ಅವರೂ ಬೆಂಗಳೂರಿನವರೇ ಮಾಮ" ಅಂತ ನನಗೇ ಪಾಠ ಹೇಳುತ್ತಾನೆ. ಮೊನ್ನೆ ಭಾವ ಫೋನ್ ಮಾಡಿ, "ಇವನಿಗೆ ಆ ಸ್ಟಿಯರಿಂಗ್ ಸೆಟ್ ಕೊಡಿಸ್ಲಾ, ಇಲ್ಲ ಗೋ-ಕಾರ್ಟ್‌ಗೆ ಹಾಕ್ಲಾ? ನೀನು ಎಲ್ಲದಕ್ಕೂ ದುಡ್ಡು ಕಳೆದಿದ್ದೀಯಲ್ಲ, ನೀನೇ ಹೇಳು" ಅಂದರು. ಮಾತು ಚುಚ್ಚಿತು, ಆದರೆ ಸುಳ್ಳಲ್ಲ. ಫೋನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಅಂತ ಬರೆಯುತ್ತಿದ್ದೇನೆ.

ನಾನು ಶುರು ಮಾಡಿದ್ದು ಸಿಮ್‌ನಿಂದ, ಅಂದರೆ ಕಂಪ್ಯೂಟರ್‌ನಲ್ಲಿ ಕಾರು ಓಡಿಸುವ ಸಿಮ್ಯುಲೇಟರ್‌ನಿಂದ. ಸೆಕೆಂಡ್ ಹ್ಯಾಂಡ್ ಲಾಜಿಟೆಕ್ ಜಿ29 ಸ್ಟಿಯರಿಂಗ್-ಪೆಡಲ್ ಸೆಟ್ ತಂದು ಊಟದ ಮೇಜಿಗೆ ಬಿಗಿದೆ, ಲ್ಯಾಪ್‌ಟಾಪಲ್ಲಿ ಅಸೆಟ್ಟೊ ಕೋರ್ಸಾ ಅನ್ನೋ ರೇಸಿಂಗ್ ಗೇಮ್ ಹಾಕಿದೆ. ಜೋರಾಗಿ ಬ್ರೇಕ್ ಒತ್ತಿದರೆ ಚಕ್ರದ ಕುರ್ಚಿ ಹಿಂದಕ್ಕೆ ಓಡುತ್ತಿತ್ತು. ಕೊನೆಗೆ ಅದರ ಚಕ್ರಗಳನ್ನು ಹಳೇ ಶೂಗಳೊಳಗೆ ಇಟ್ಟೆ. ನಗಬೇಡಿ, ಎರಡು ವರ್ಷ ಹಾಗೇ ನಡೆಯಿತು.

ಸಿಮ್‌ನ ದೊಡ್ಡ ಲಾಭ ಲ್ಯಾಪ್‌ಗಳ ಲೆಕ್ಕ. ಟ್ರ್ಯಾಕ್‌ನಲ್ಲಿ ಹತ್ತು ನಿಮಿಷಕ್ಕೆ ದುಡ್ಡು ಎಣಿಸಬೇಕು, ಮನೆಯಲ್ಲಿ ಒಂದೇ ಸಂಜೆ 60 ಲ್ಯಾಪ್. ಎಲ್ಲಿ ಬ್ರೇಕ್ ಒತ್ತಬೇಕು, ತಿರುವಿನ ಒಳಗೆ ಹೋಗುತ್ತಾ ಅದನ್ನು ಹೇಗೆ ನಿಧಾನವಾಗಿ ಬಿಡಬೇಕು, ಕಣ್ಣು ಎಷ್ಟು ಮುಂದೆ ಇರಬೇಕು, ಇದೆಲ್ಲ ನನಗೆ ಬಂದದ್ದು ಆ ಮೇಜಿನ ಮೇಲೆ. ಆಮೇಲೆ ಆನ್‌ಲೈನಲ್ಲಿ ಬೇರೆಯವರ ಜೊತೆ ರೇಸ್ ಮಾಡುವ ಐರೇಸಿಂಗ್‌ಗೆ ಚಂದಾ ಕಟ್ಟಿದೆ. ಅಲ್ಲಿ ಇನ್ನೊಬ್ಬರಿಗೆ ತಾಗಿದರೂ, ಟ್ರ್ಯಾಕ್ ಬಿಟ್ಟು ಹೊರಗೆ ಹೋದರೂ ಸೇಫ್ಟಿ ರೇಟಿಂಗ್ ಇಳಿಯುತ್ತದೆ. ಹಾಗಾಗಿ ಮೊದಲ ತಿರುವಲ್ಲೇ ನುಗ್ಗುವ ಚಾಳಿ ತಾನಾಗಿಯೇ ಹೋಗುತ್ತದೆ. ಒಮ್ಮೆ ಕೊನೆಯ ಲ್ಯಾಪ್‌ನಲ್ಲಿ ಮೂರನೇ ಜಾಗದಲ್ಲಿದ್ದಾಗ ಕರೆಂಟ್ ಹೋಯಿತು. ಅಂಥ ಕಷ್ಟ ನಿಜವಾದ ಟ್ರ್ಯಾಕಲ್ಲಿ ಇಲ್ಲ ಬಿಡಿ.

ಕೊರತೆ ಏನು ಅಂದರೆ, ಬೆನ್ನಿಗೆ ಸುದ್ದಿ ಬರುವುದಿಲ್ಲ. ಗಾಡಿಯ ಹಿಂಭಾಗ ಜಾರಿದ್ದು ಪರದೆಯಲ್ಲಿ ಕಾಣುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಇನ್ನೊಂದು ಬ್ರೇಕ್. ನನ್ನ ಪೆಡಲ್ ನೋಡುತ್ತಿದ್ದದ್ದು ಕಾಲು ಎಷ್ಟು ದೂರ ಹೋಯಿತು ಅಂತ. ನಿಜವಾದ ಗಾಡಿಯಲ್ಲಿ ಮುಖ್ಯ ಕಾಲು ಎಷ್ಟು ಬಲ ಹಾಕಿತು ಅನ್ನೋದು. ಆಮೇಲೆ ಲೋಡ್ ಸೆಲ್ ಇರುವ ಪೆಡಲ್ ಹಾಕಿಸಿದೆ, ಅದು ಬಲವನ್ನೇ ಅಳೆಯುತ್ತದೆ. ಸ್ಟಿಯರಿಂಗ್ ಬದಲಿಸುವುದಕ್ಕಿಂತ ಇದಕ್ಕೆ ಹಾಕಿದ ದುಡ್ಡು ಸಾರ್ಥಕ. ಜನ ಸ್ಟಿಯರಿಂಗನ್ನು ನೇರವಾಗಿ ತಿರುಗಿಸುವ ಡೈರೆಕ್ಟ್ ಡ್ರೈವ್ ಮೋಟರ್ ಹಿಂದೆ ಬೀಳುತ್ತಾರೆ, ಪೆಡಲ್ ಕಡೆ ನೋಡುವುದೇ ಇಲ್ಲ.

ಬಾಡಿಗೆ ಕಾರ್ಟ್, ಅಂದರೆ ಟ್ರ್ಯಾಕ್‌ನಲ್ಲಿ ನಿಮಿಷದ ಲೆಕ್ಕಕ್ಕೆ ಸಿಗುವ ಪುಟ್ಟ ತೆರೆದ ಗಾಡಿ, ಅದರ ಬಗ್ಗೆ ಹೆಚ್ಚು ಹೇಳಲ್ಲ. 270 ಸಿಸಿ ಫೋರ್ ಸ್ಟ್ರೋಕ್ ಎಂಜಿನ್, ಸುತ್ತ ದಪ್ಪ ಬಂಪರ್, ಹತ್ತು ನಿಮಿಷದ ಸೆಷನ್. ಒಂದೊಂದು ಗಾಡಿ ಒಂದೊಂದು ಥರ. ಸೋತಾಗ ಗಾಡಿಯನ್ನು ಬಯ್ಯಬಹುದು, ಗೆದ್ದಾಗ ಮಾತ್ರ ನಮ್ಮ ಕೈಚಳಕ. ಆದರೂ ಎಡಗಾಲಲ್ಲಿ ಬ್ರೇಕ್ ಒತ್ತೋದನ್ನು ಇಷ್ಟು ಕಡಿಮೆ ಖರ್ಚಿನಲ್ಲಿ, ನಿಜವಾದ ಗಾಡಿಯ ಮೇಲೆ ಬೇರೆಲ್ಲೂ ಕಲಿಯಕ್ಕಾಗಲ್ಲ.

ರೇಸ್ ಕಾರ್ಟ್ ಬೇರೆಯೇ ಪ್ರಾಣಿ. ನಾನು ಓಡಿಸಿದ್ದು 125 ಸಿಸಿ ರೋಟಾಕ್ಸ್ ಮ್ಯಾಕ್ಸ್. ಟೂ ಸ್ಟ್ರೋಕ್, ಆರ್‌ಎಕ್ಸ್100ದ ಅದೇ ವಾಸನೆ, ಆದರೆ 14,000 ಆರ್‌ಪಿಎಂ ಹತ್ತಿರ ಕಿರುಚುತ್ತದೆ. ಕೂತರೆ ನೆಲ ಒಂದು ಇಂಚು ಕೆಳಗೆ. ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ ಇಲ್ಲ, ಸಸ್ಪೆನ್ಷನ್ ಇಲ್ಲ, ಬ್ರೇಕ್ ಹಿಂದಿನ ಆಕ್ಸಲ್‌ಗೆ ಮಾತ್ರ. ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್‌ಗೆ ಬಿಗಿದಿರುವುದರಿಂದ ಎರಡೂ ಒಂದೇ ವೇಗದಲ್ಲಿ ಸುತ್ತಲೇಬೇಕು, ಆದರೆ ತಿರುವಿನಲ್ಲಿ ಒಳಗಿನ ಚಕ್ರಕ್ಕೆ ಹೋಗಬೇಕಾದ ದೂರ ಕಡಿಮೆ, ಹಾಗಾಗಿ ಆ ಚಕ್ರ ನೆಲ ಬಿಟ್ಟು ಒಂಚೂರು ಏಳಬೇಕು, ಇಲ್ಲದಿದ್ದರೆ ಗಾಡಿ ತಿರುಗುವುದೇ ಇಲ್ಲ. ಸ್ಟಿಯರಿಂಗ್ ಚುರುಕಾಗಿ ತಿರುಗಿಸಿದರೆ ಏಳುತ್ತದೆ. ಹೆದರಿ ಹೆದರಿ ತಿರುಗಿಸಿದರೆ ಏಳಲ್ಲ, ಎಂಜಿನ್ ಉಸಿರು ಕಟ್ಟಿದ ಹಾಗೆ ಮಾಡುತ್ತದೆ. ಸಿಮ್‌ನಿಂದ ಬಂದ ನನ್ನ ನಾಜೂಕು ಕೈ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಪಕ್ಕೆಲುಬು ನೋವಂತೂ ಒಂದು ವಾರ ಇತ್ತು. ಸೀನಿದರೂ ಜೀವ ಹೋದ ಹಾಗೆ.

ಒಂದು ತಪ್ಪು ಮಾಡಿದೆ, ಇಂದಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ. ಬೆಂಗಳೂರಲ್ಲಿ ಸರಿಹೋಗಿದ್ದ ಕಾರ್ಬುರೇಟರ್ ಜೆಟ್ಟನ್ನೇ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು) ಇಟ್ಟುಕೊಂಡು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಟ್ರ್ಯಾಕ್‌ಗೆ ಹೋದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಕೊಯಮತ್ತೂರು 400ರ ಆಸುಪಾಸು. ಕೆಳಗೆ ಗಾಳಿ ದಟ್ಟ, ಪೆಟ್ರೋಲ್ ಜಾಸ್ತಿ ಬೇಕು, ದೊಡ್ಡ ಜೆಟ್ ಹಾಕಬೇಕಿತ್ತು. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಬರುವುದೂ ಪೆಟ್ರೋಲ್ ಜೊತೆಗೇ. ಅದು ಕಮ್ಮಿಯಾದರೆ ಇದೂ ಕಮ್ಮಿ. ನಾಲ್ಕನೇ ಲ್ಯಾಪ್‌ಗೆ ಎಂಜಿನ್ ಸೀಜ್, ಒಳಗೇ ಕಚ್ಚಿಕೊಂಡು ನಿಂತಿತು. ಸಿಮ್‌ನಲ್ಲಿ ಎಸ್ಕೇಪ್ ಒತ್ತಿದರೆ ಹೊಸ ಗಾಡಿ ಬರುತ್ತದೆ. ಇಲ್ಲಿ ಮೂರು ತಿಂಗಳ ಉಳಿತಾಯ ಹೋಯಿತು.

ಆದರೆ ಆ ದುಡ್ಡಿಗೆ ಏನು ಸಿಕ್ಕಿತು ಅಂದರೆ, ಗಾಡಿ ಜಾರುವ ಮೊದಲೇ ಸೊಂಟಕ್ಕೆ ಗೊತ್ತಾಗಲು ಶುರುವಾಯಿತು. ಮಳೆಯಲ್ಲಿ ಓಡಿಸಿದ ಒಂದು ಮಧ್ಯಾಹ್ನ ನನಗೆ ಸಿಮ್‌ನ ಆರು ತಿಂಗಳಿಗಿಂತ ಜಾಸ್ತಿ ಕಲಿಸಿತು.

ಇನ್ನು ಕಾರು. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೆಯ ಟ್ರ್ಯಾಕ್‌ನಲ್ಲಿ ಎರಡು ದಿನದ ತರಬೇತಿಗೆ ಹೋದೆ. ಸುಮಾರು 3.7 ಕಿ.ಮೀ. ಉದ್ದದ ಟ್ರ್ಯಾಕ್. ಕೊಟ್ಟದ್ದು ಫಾರ್ಮುಲಾ ಎಲ್‌ಜಿಬಿ, ಮಾರುತಿ ಸ್ವಿಫ್ಟ್ ಎಂಜಿನ್ ಹಾಕಿದ ಒಂದೇ ಸೀಟಿನ ಕಾರು. ಬೆಲ್ಟ್ ಬಿಗಿದಾಗಲೇ ಎದೆ ಡವಡವ. ಮೊದಲ ತಿರುವಿಗೆ ಕಾರ್ಟ್ ಅಭ್ಯಾಸದಲ್ಲಿ ಚಕ್ ಅಂತ ಸ್ಟಿಯರಿಂಗ್ ತಿರುಗಿಸಿದೆ. ಮುಂಭಾಗ ಕೇಳಲೇ ಇಲ್ಲ, ನೇರ ಹೊರಗೆ ಹೊರಟಿತು. ಕಾರಿಗೆ ಸಸ್ಪೆನ್ಷನ್ ಇದೆ. ಮೊದಲು ಬ್ರೇಕ್ ಒತ್ತಿ ಭಾರವನ್ನು ಮುಂದಿನ ಚಕ್ರಕ್ಕೆ ತರಬೇಕು, ಅದು ಕೂತ ಮೇಲೆ ಮೆಲ್ಲಗೆ ತಿರುಗಿಸಬೇಕು. ಇದು ಎಲ್ಲಿ ಕಲಿತಿದ್ದೆ ಹೇಳಿ? ಊಟದ ಮೇಜಿನ ಮೇಲೆ! ಕಾರ್ಟ್‌ನಲ್ಲಿ ಪೆಟ್ಟು ತಿಂದ ನಾಜೂಕು ಕೈ ಇಲ್ಲಿ ಮರ್ಯಾದೆ ಉಳಿಸಿತು. ಮಧ್ಯಾಹ್ನದ ಹೊತ್ತಿಗೆ ಲ್ಯಾಪ್ ಟೈಮ್ ಇಳಿಯತೊಡಗಿತು.

ಗೇರ್ ಮಾತ್ರ ಎರಡೂ ಕಲಿಸಿರಲಿಲ್ಲ. ನನ್ನ ಕಾರ್ಟ್‌ನಲ್ಲಿ ಗೇರೇ ಇಲ್ಲ, ಸಿಮ್‌ನಲ್ಲಿ ನಾನು ಸುಮ್ನೆ ಬೆರಳಲ್ಲಿ ಸ್ಟಿಯರಿಂಗ್ ಹಿಂದಿನ ಪ್ಯಾಡಲ್ ಎಳೆಯುತ್ತಿದ್ದೆ. ಇಲ್ಲಿ ಕ್ಲಚ್ ಒತ್ತಿ, ಬಲಗಾಲಲ್ಲೇ ಬ್ರೇಕ್ ಹಿಡಿದು, ಅದೇ ಪಾದದ ಅಂಚಲ್ಲಿ ಆಕ್ಸಿಲರೇಟರ್ ತಟ್ಟಿ ಗೇರ್ ಇಳಿಸಬೇಕು. ತಟ್ಟದೆ ಕ್ಲಚ್ ಬಿಟ್ಟೆ, ಹಿಂಚಕ್ರ ಲಾಕ್ ಆಯಿತು, ಕಾರು ಬುಗುರಿ. ಇಷ್ಟು ವರ್ಷ ಪಳಗಿಸಿದ ಎಡಗಾಲಿಗೆ ಅವತ್ತು ಕ್ಲಚ್ ಬಿಟ್ಟರೆ ಬೇರೆ ಕೆಲಸವಿಲ್ಲ.

ಹಾಗಾದರೆ ಯಾವುದು ಮೇಲು? ಗೇಮ್ ಆಡಿಯೇ ರೇಸರ್ ಆದವರಿದ್ದಾರೆ, ಬ್ರಿಟನ್ನಿನ ಯಾನ್ ಮಾರ್ಡೆನ್‌ಬರೋ 2011ರಲ್ಲಿ ಗೇಮ್ ಆಡುವವರಿಂದ ರೇಸರ್ ಆರಿಸುವ ಜಿಟಿ ಅಕಾಡೆಮಿ ಸ್ಪರ್ಧೆ ಗೆದ್ದು ನಿಜವಾದ ಕಾರಿಗೆ ಬಂದವರು. ಆದರೆ ಅವರ ಹಿಂದೆ ನಿಸ್ಸಾನ್ ಕಂಪನಿ ಇತ್ತು, ಟ್ರ್ಯಾಕ್ ಮೇಲೆ ತರಬೇತಿ ಕೊಟ್ಟಿತು. ನಮ್ಮ ಹುಡುಗನ ಹಿಂದೆ ಇರುವುದು ಭಾವನ ಪಿಎಫ್. ಈಗಿನ ಫಾರ್ಮುಲಾ 1 ಚಾಲಕರನ್ನು ನೋಡಿದರೆ ಹೆಚ್ಚು ಕಡಿಮೆ ಎಲ್ಲರೂ ಕಾರ್ಟ್‌ನಿಂದ ಬಂದವರೇ. ಅವರಲ್ಲೊಬ್ಬರಾದ ಮ್ಯಾಕ್ಸ್ ವರ್ಸ್ಟಾಪನ್ ಸಿಮ್ ಬಿಟ್ಟು ಇರಲ್ಲ, ನಿಜ, ಆದರೆ ಅವರ ಬೆನ್ನಿಗೆ ಎಲ್ಲಾ ಗೊತ್ತಾದ ಮೇಲೆ ಅಲ್ವಾ ಅದು?

ವಯಸ್ಸಿನ ಲೆಕ್ಕವೂ ಇದೆ. ಫಾರ್ಮುಲಾ ಕಾರುಗಳ ಮೊದಲ ಮೆಟ್ಟಿಲಾದ ಫಾರ್ಮುಲಾ 4ಕ್ಕೆ 15 ತುಂಬಬೇಕು. ಅಂದರೆ ಕಾರಿನ ಯೋಚನೆಗೆ ಇನ್ನೂ ನಾಲ್ಕು ವರ್ಷ ಬೇಡ. ಕಾರ್ಟ್‌ನಲ್ಲಿ ಚಿಕ್ಕವರಿಗೇ ಅಂತ ಮೈಕ್ರೋ, ಮಿನಿ ವರ್ಗಗಳಿವೆ.

ಭಾವಂಗೆ ನಾನು ಹೇಳುವುದು ಇಷ್ಟು. ಆರು ತಿಂಗಳು ಬಾಡಿಗೆ ಕಾರ್ಟ್, ತಿಂಗಳಿಗೆ ಎರಡು ಸಲ. ಮನೆಯಲ್ಲಿ ನನ್ನ ಹಳೇ ಜಿ29, ದಿನಕ್ಕೆ ಅರ್ಧ ಗಂಟೆ, ಒಂದೇ ಟ್ರ್ಯಾಕ್, ಒಂದೇ ಕಾರು, ಎಡಗಾಲಲ್ಲೇ ಬ್ರೇಕ್. ಅಷ್ಟಾದ ಮೇಲೂ ಭಾನುವಾರ ಬೆಳಿಗ್ಗೆ ಅವನೇ ಮೊದಲು ಎದ್ದು ಶೂ ಹಾಕಿಕೊಂಡು ಕೂತರೆ ಆಗ ಒಂದು ಸೀಸನ್ ರೇಸ್ ಕಾರ್ಟ್, ಖರೀದಿ ಬೇಡ, ಬಾಡಿಗೆಗೆ. ಅದಕ್ಕೂ ಮೊದಲು ಪಕ್ಕೆಲುಬಿನ ಜಾಕೆಟ್. ಬಾಡಿಗೆ ಕಾರ್ಟ್‌ಗೆ ಹೆಲ್ಮೆಟ್ ಟ್ರ್ಯಾಕಲ್ಲೇ ಕೊಡ್ತಾರೆ, ಇದನ್ನು ಸಾಮಾನ್ಯವಾಗಿ ಕೊಡಲ್ಲ.

ಈ ಭಾನುವಾರ ಅವನನ್ನು ಬಾಗಲೂರು ಕಡೆ ಟ್ರ್ಯಾಕ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ. ಭಾವನೂ ಬರ್ತಾರಂತೆ, ಸುಮ್ನೆ ನೋಡೋಕೆ. ನಾನು ಮೂರು ಟಿಕೆಟ್ ತೆಗೆದಿಟ್ಟಿದ್ದೇನೆ.