ಹಳೇ ಲಾರಿ ಚಾಸಿ ಕಟ್ ಮಾಡ್ಸೋ ಮುಂಚೆ ಇದೊಂದು ಓದ್ಕೊಳ್ಳಿ

ಹಳೇ ಲಾರಿ ತಗೊಂಡು ಚಾಸಿ (ಗಾಡಿ ಕೆಳಗಿನ ಕಬ್ಬಿಣದ ಚೌಕಟ್ಟು) ರಿಪೇರಿ ಮಾಡ್ಸಿ ಓಡ್ಸೋಣ ಅಂತಿರೋರು ದಯವಿಟ್ಟು ನೋಡಿ. ವೆಲ್ಡಿಂಗ್ ಗಟ್ಟಿಯಾದ್ರೆ ಆಯ್ತು ಅನ್ನೋ ಲೆಕ್ಕ ಆರ್‌ಟಿಓ ಆಫೀಸಲ್ಲಿ ನಡೆಯಲ್ಲ. ಚಾಸಿ ನಂಬರ್ ಇರೋ ಕಬ್ಬಿಣ ಯಾವ ಗಾಡೀದು ಅನ್ನೋದೇ ಅಲ್ಲಿ ಮೊದ್ಲ ಪ್ರಶ್ನೆ.

ನಮ್ದು ತೀರ್ಥಹಳ್ಳಿ ಕಡೆ, ಕೆಎ 14 ಗಾಡಿ, ಕಲ್ಲು ಮಣ್ಣು ಗೊಬ್ಬರ ಎಲ್ಲಾ ಹೊಡೆದಿರೋ ಲಾರಿ. ನಮ್ಮೂರ ಮಳೆಗೆ ಚಾಸಿ ಹಾಳಾಗಿದ್ದು ಹೊರಗಿಂದ ಗೊತ್ತೇ ಆಗಲ್ಲ ಮಾರಾಯ್ರೆ, ಡಬಲ್ ಚಾಸಿ (ಒಂದರೊಳಗೊಂದು ಕೂರಿಸಿದ ಎರಡು ಕಬ್ಬಿಣದ ಚಾನಲ್) ಆದ್ರಂತೂ ಆ ಎರಡರ ಮಧ್ಯ ನೀರು ಕೆಸರು ನಿಂತು ಒಳಗಿಂದ ಪದರ ಪದರ ಏಳತ್ತೆ, ಸುತ್ತಿಗೇಲಿ ಬಡಿದ್ರೆ ಟಣ್ ಅನ್ನೋ ಬದ್ಲು ದಪ್ ಅನ್ನತ್ತೆ, ರಿವಿಟ್ ಸುತ್ತ ಕೆಂಪು ಪುಡಿ ಉದುರತ್ತೆ. ನಮ್ದೂ ಮುಂದೆ ಬಲಗಡೆ ಹಂಗಾಗಿತ್ತು. ತುಕ್ಕು ಹಿಡಿದಿರೋ ಜಾಗಕ್ಕೆ ಒಳಗಿಂದ ಪ್ಲೇಟ್ ಕೊಟ್ಟು ಬೋಲ್ಟ್ ಮಾಡು, ನಂಬರ್ ಇರೋ ಜಾಗ ಮಾತ್ರ ಮುಟ್ಬೇಡ ಅಂತ ಅಣ್ಣ ಗ್ಯಾರೇಜಿನವ್ನಿಗೆ ಬಿಡಿಸಿ ಹೇಳಿದ್ದ. ಆ ಪುಣ್ಯಾತ್ಮ ಒಂದು ಫೋನೂ ಮಾಡ್ದೆ ಗುಜರಿಯಿಂದ ಅದೇ ಮಾಡೆಲ್ಲಿನ ಚಾಸಿ ತಂದು ಮುಂದಿನ ಭಾಗ ಪೂರ್ತಿ ಬದಲಾಯ್ಸಿ, ನಮ್ಮ ನಂಬರ್ ಇದ್ದ ತುಂಡನ್ನ ಗ್ಯಾಸಲ್ಲಿ ಕತ್ತರಿಸಿ ಅದಕ್ಕೆ ಕೂರಿಸಿ, ಗ್ರೈಂಡ್ ಮಾಡಿ, ಮೇಲೆ ಕರೀ ಪೇಂಟ್ ಬಳಿದು ಕೊಟ್ಟ. ಬಿಲ್ಲಲ್ಲಿ ಬರೀ "ಚಾಸಿ ವೆಲ್ಡಿಂಗ್" ಅಂತಿದೆ.

ಗೊತ್ತಾಗಿದ್ದು ಎಫ್‌ಸಿಗೆ, ಅಂದ್ರೆ ಗಾಡಿ ಓಡ್ಸೋಕೆ ಯೋಗ್ಯ ಅನ್ನೋ ಫಿಟ್‌ನೆಸ್ ಸರ್ಟಿಫಿಕೇಟಿಗೆ, ಹೋದಾಗ. ಬ್ರೇಕ್ ಇನ್‌ಸ್ಪೆಕ್ಟರ್ ಪೇಂಟ್ ಕೆರೆಸಿ, ನಂಬರ್ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿಸಿ ಪೆನ್ಸಿಲ್ ಪ್ರಿಂಟ್ ತೆಗೆಸಿದ್ರು, ಪೇಪರ್ ಮೇಲೆ ನಂಬರ್ ಜೊತೆಗೆ ಅದರ ಸುತ್ತ ಚೌಕವಾಗಿ ವೆಲ್ಡಿಂಗ್ ಗೆರೆನೂ ಮೂಡ್ತು. ಆಮೇಲೆ ಟೇಪ್ ಹಿಡಿದು ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ) ಅಳೆದ್ರೆ ಆರ್‌ಸೀಲಿರೋದಕ್ಕೆ ತಾಳೆ ಇಲ್ಲ. "ಕದ್ದ ಗಾಡಿಗೂ ಹಿಂಗೇ ಮಾಡ್ತಾರಲ್ರೀ, ಇದು ನಿಮ್ದೇ ಅಂತ ನಾನೆಂಗೆ ಬರೀಲಿ" ಅಂದ್ರು. ಅವರದ್ದು ತಪ್ಪು ಅನ್ನಕ್ಕಾಗಲ್ಲ. ಗ್ಯಾರೇಜಿನವ್ನು ಮಾತ್ರ "ಎಲ್ರೂ ಹಿಂಗೇ ಮಾಡ್ಸೋದು ಸಾರ್, ಯಾರೂ ಇಷ್ಟು ನೋಡಲ್ಲ" ಅಂತ ನಮಗೇ ಸಮಾಧಾನ ಹೇಳ್ತಾನೆ!

ಕಾನೂನು ಏನಂದ್ರೆ, ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ ಕಂಪನಿ ಕೊಟ್ಟ ವಿವರ, ಆರ್‌ಸೀಲಿ ಇರೋದು ಬದಲಾಗೋ ಹಾಗೆ ಗಾಡೀನ ತಿದ್ದೋ ಹಾಗಿಲ್ಲ. 2019ರ ತಿದ್ದುಪಡೀಲಿ ಬಂದ 182ಎ ಪ್ರಕಾರ ಇದಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲಾ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲಾ ಎರಡೂ, ಮತ್ತೆ ಅದು ಬೀಳೋದು ಮಾಲೀಕನ ತಲೆಗೆ. ಇನ್ನು ಸೆಕ್ಷನ್ 56, ಎಫ್‌ಸಿ ಇಲ್ಲದ ಲಾರಿಗೆ ರಿಜಿಸ್ಟ್ರೇಷನ್ನೇ ಇಲ್ಲದ ಲೆಕ್ಕ. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್‌ಸಿ, ಅಂದ್ರೆ ಇವತ್ತು ತಪ್ಪಿಸ್ಕೊಂಡ್ರೂ ಮುಂದಿನ ವರ್ಷ ಅದೇ ಜಾಗಕ್ಕೆ ಟಾರ್ಚ್ ಬೀಳತ್ತೆ.

ಹಿಂದೆ ಒಂದಡಿ ಉದ್ದ ಮಾಡ್ಸಿದ್ರೆ ಲೋಡ್ ಜಾಸ್ತಿ ಹಿಡಿಯತ್ತೆ ಅಂತ ಹೇಳೋರೂ ಇದಾರೆ, ಕೇಳ್ಬೇಡಿ, ಹಿಂದಿನ ಓವರ್‌ಹ್ಯಾಂಗ್ (ಹಿಂದಿನ ಚಕ್ರದಿಂದ ಆಚೆ ಚಾಚಿರೋ ಭಾಗ) ವೀಲ್‌ಬೇಸಿನ ಶೇಕಡ 60 ದಾಟಬಾರ್ದು ಅಂತ ರೂಲ್ ಇದೆ.

ಚಾಸಿ ಬದಲಾಯ್ಸಲೇಬೇಕು ಅನ್ನೋ ಸ್ಥಿತಿ ಬಂದ್ರೆ ಗ್ಯಾಸ್ ಹಚ್ಚೋಕೆ ಮುಂಚೆ ಆರ್‌ಟಿಓಗೆ ಅರ್ಜಿ ಕೊಟ್ಟು ಅನುಮತಿ ಬರವಣಿಗೇಲಿ ತಗೊಳ್ಳಿ. ಹೊಸ ಚಾಸಿ ಕಂಪನಿ ಡೀಲರ್ ಹತ್ರಾನೇ, ಬಿಲ್ ಸಮೇತ. ಗ್ಯಾರೇಜಿಗೆ ಬಿಡೋ ದಿನ ನಂಬರ್ ಇರೋ ಜಾಗದ್ದು ಫೋಟೋ, ಒಂದು ಪೆನ್ಸಿಲ್ ಪ್ರಿಂಟ್ ನಿಮ್ಮ ಹತ್ರ ಇಟ್ಕೊಳ್ಳಿ, ಯಾವ ಭಾಗ ಮುಟ್ಬಾರ್ದು ಅಂತ ಜಾಬ್ ಕಾರ್ಡಲ್ಲೇ ಬರೆಸಿ ಸೈನ್ ಹಾಕಿಸ್ಕೊಳ್ಳಿ. ಬಿಚ್ಚಿದ ಕಬ್ಬಿಣನ ಅಲ್ಲಿ ಬಿಟ್ಟು ಬರ್ಬೇಡಿ. ನಮ್ಮ ಹಳೇ ಚಾಸಿ ಇದ್ದಿದ್ರೆ ಆ ನಂಬರ್ ತುಂಡು ಅಲ್ಲಿಂದ್ಲೇ ಬಂದಿದ್ದು ಅಂತ ಜೋಡಿಸಿ ತೋರಿಸಬಹುದಿತ್ತು, ಕೇಳಿದ್ರೆ ಗುಜರಿಗೆ ಹಾಕ್ಬಿಟ್ಟೆ ಅಂತಾನೆ. ಈಗ ಗಾಡಿ ಖರೀದಿ ಪತ್ರ, ಹಳೇ ಎಫ್‌ಸಿ, ಇನ್ಶೂರೆನ್ಸ್ ಎಲ್ಲಾ ಹುಡುಕಿ ಹುಡುಕಿ ಫೈಲ್ ಮಾಡ್ತಾ ಇದೀವಿ, ಲಾರಿ ಶೆಡ್ಡಲ್ಲಿದೆ, ಗೊಬ್ಬರಕ್ಕೆ ಬಾಡಿಗೆ ಗಾಡಿ ಕರೆಸ್ತಿದೀವಿ.