ನಾಯಿಯ ಹೆಜ್ಜೆ ಅಚ್ಚಿನ ಕಿಟ್: ಯಾವುದು ತರಬೇಕು, ಯಾವಾಗ ಒತ್ತಬೇಕು

ಮನೆಯ ನಾಯಿ ಹೋದ ದಿನ ಯಾರಿಗೂ ಕೈಕಾಲು ಆಡುವುದಿಲ್ಲ. ಆ ಹೊತ್ತಿನಲ್ಲಿ ಡಬ್ಬಿ ಬಿಚ್ಚಿ, ಸೂಚನೆ ಓದಿ, ಜೇಡಿ ನಾದುತ್ತ ಕೂರುವುದು ಬಹಳ ಕಷ್ಟ. ಅದಕ್ಕೇ ಅಂಗಾಲಿನ ಗುರುತನ್ನು ಜೇಡಿಯಲ್ಲಿ ಒತ್ತಿ ನೆನಪಿಗೆ ಉಳಿಸಿಕೊಳ್ಳುವ ಈ ಹೆಜ್ಜೆ ಅಚ್ಚಿನ ಕಿಟ್ಟನ್ನು ನಾಯಿಗೆ ವಯಸ್ಸಾಯಿತು ಅನ್ನಿಸಿದಾಗಲೇ ತಂದಿಟ್ಟುಕೊಳ್ಳಿ, ಅದು ಜೊತೆಯಲ್ಲಿರುವಾಗಲೇ ಒತ್ತಿ. ಇದರಲ್ಲಿ ಅಪಶಕುನವೇನೂ ಇಲ್ಲ. ಊಟ ಮುಗಿಸಿ ಮಗ್ಗುಲಾಗಿ ಮಲಗಿದ ನಾಯಿಯ ಕಾಲಿನಿಂದ ಬರುವಷ್ಟು ಒಳ್ಳೆಯ ಅಚ್ಚು ಆಮೇಲೆ ಬರುವುದಿಲ್ಲ.

ಆನ್‌ಲೈನಿನಲ್ಲಿ ಸಿಗುವ ಕಿಟ್‌ಗಳಲ್ಲಿ ಬಹಳಷ್ಟು ಹಸುಗೂಸಿನ ಕೈಕಾಲಿಗೆಂದು ಮಾಡಿದವು. ಅವುಗಳಲ್ಲಿರುವ ಹಗುರವಾದ, ಸ್ಪಂಜಿನಂಥ ಕ್ಲೇ ನಾಯಿಗೆ ಸರಿಹೋಗದು. ಒತ್ತಿ ಕಾಲು ತೆಗೆದ ಕೂಡಲೇ ಅರ್ಧ ಗುರುತು ಉಬ್ಬಿ ಮುಚ್ಚಿಕೊಳ್ಳುತ್ತದೆ, ಕೂದಲಿಗೂ ಅಂಟುತ್ತದೆ. ಅಂಗಾಲಿನ ಮೆತ್ತೆಯ ಮೇಲೆ ಮರಳುಕಾಗದದಂತೆ ಒರಟಾದ ಸಣ್ಣ ಸಣ್ಣ ಮೊನೆಗಳಿರುತ್ತವೆ. ಅಚ್ಚಿನ ಜೀವ ಇರುವುದೇ ಅದರಲ್ಲಿ, ಈ ಕ್ಲೇಯಲ್ಲಿ ಅದು ಮೂಡುವುದೇ ಇಲ್ಲ. ತಾನೇ ಒಣಗುವ, ಕೈಗೆ ಭಾರ ಅನ್ನಿಸುವ ಗಟ್ಟಿ ಜೇಡಿಯ ಕಿಟ್ ಆರಿಸಿ. ಲ್ಯಾಬ್ರಡಾರ್ ಗಾತ್ರದ ನಾಯಿಗೆ 12 ಸೆಂ.ಮೀ. ಅಗಲ, 1 ಸೆಂ.ಮೀ. ದಪ್ಪದ ಬಿಲ್ಲೆ ಬೇಕು, ಅದಕ್ಕೆ ಸುಮಾರು 200 ಗ್ರಾಂ ಜೇಡಿ ಹಿಡಿಯುತ್ತದೆ. 100 ಗ್ರಾಂ ಪೊಟ್ಟಣ ಪೊಮೆರೇನಿಯನ್‌ಗೆ ಮಾತ್ರ ಸಾಕು.

ಒತ್ತುವ ಮುನ್ನ ಬೆರಳ ಸಂದಿನ ಕೂದಲನ್ನು ಮೆತ್ತೆಯ ಮಟ್ಟಕ್ಕೆ ಕತ್ತರಿಸಿ. ಒದ್ದೆ ಬಟ್ಟೆಯಲ್ಲಿ ಒರೆಸಿ ಪೂರ್ತಿ ಆರಲು ಬಿಡಿ. ಮುಂಗಾಲನ್ನೇ ಆರಿಸಿಕೊಳ್ಳಿ, ಅದು ಹಿಂಗಾಲಿಗಿಂತ ಅಗಲವೂ ದುಂಡಗೂ ಇರುತ್ತದೆ. ಜೇಡಿಯನ್ನು ಬಿರುಕಿಲ್ಲದಂತೆ ನಾದಿ, ಗಟ್ಟಿ ರಟ್ಟಿನ ಮೇಲೆ ತಟ್ಟಿ, ರಟ್ಟನ್ನೇ ಕಾಲಿನ ಹತ್ತಿರ ಒಯ್ಯಿರಿ. ನಾಯಿಯನ್ನು ಎಬ್ಬಿಸಿ ನಿಲ್ಲಿಸಿದರೆ ಅದು ಕಾಲು ಜಾರಿಸಿ ಗುರುತು ಎರಡಾಗುತ್ತದೆ. ನಡುವಿನ ದೊಡ್ಡ ಮೆತ್ತೆಯನ್ನು ಮೊದಲು ಒತ್ತಿ, ಆಮೇಲೆ ನಾಲ್ಕೂ ಬೆರಳುಗಳನ್ನು ಮೇಲಿನಿಂದ ಹೆಬ್ಬೆರಳಲ್ಲಿ ಒಂದೊಂದಾಗಿ ಅದುಮಿ. ಮೂರ್ನಾಲ್ಕು ಮಿಲಿಮೀಟರ್ ಆಳ ಸಾಕು. ಕಾಲನ್ನು ನೇರವಾಗಿ ಮೇಲೆತ್ತಿ, ಪಕ್ಕಕ್ಕೆ ಎಳೆಯಬೇಡಿ.

ಪ್ರಾಣ ಹೋದ ಮೇಲೆ ಒತ್ತಬೇಕಾಗಿ ಬಂದರೆ ತಡಮಾಡಬೇಡಿ. ಕೆಲವೇ ಗಂಟೆಗಳಲ್ಲಿ ಕೀಲು ಸೆಟೆದುಕೊಳ್ಳುತ್ತದೆ, ಬೆರಳು ಬಿಡಿಸಲು ಬರುವುದಿಲ್ಲ. ರೇಬೀಸ್ ಅಥವಾ ಇಲಿಜ್ವರದ ಶಂಕೆ ಇದ್ದರೆ ಮಾತ್ರ, ಎಷ್ಟೇ ಸಂಕಟವಾದರೂ, ಈ ಆಸೆ ಬಿಟ್ಟುಬಿಡಿ.

ಹೆಚ್ಚಿನ ಅಚ್ಚುಗಳು ಕೆಡುವುದು ಒಣಗಿಸುವಾಗ. ಬಿಸಿಲಲ್ಲೋ ಫ್ಯಾನಿನ ಕೆಳಗೋ ಇಟ್ಟರೆ ಮೇಲ್ಭಾಗ ಮೊದಲು ಒಣಗಿ ಕುಗ್ಗುತ್ತದೆ, ಕೆಳಗೆ ಇನ್ನೂ ಹಸಿ ಇರುತ್ತದೆ. ಆ ಎಳೆದಾಟಕ್ಕೆ ಬಿಲ್ಲೆ ಸೀಳುತ್ತದೆ. ಬಟರ್ ಪೇಪರ್ ಮೇಲೆ ನೆರಳಿನಲ್ಲಿಟ್ಟು, ಅಂಚು ಗಟ್ಟಿಯಾದ ಮೇಲೆ 12 ಗಂಟೆಗೊಮ್ಮೆ ಮಗುಚಿ. ಎರಡು ಮೂರು ದಿನ ಬೇಕು, ಮಲೆನಾಡಿನ ಮಳೆಗಾಲದಲ್ಲಿ ವಾರವೇ ಹಿಡಿದೀತು. ಗೋಲಿಯಷ್ಟು ಜೇಡಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಎತ್ತಿಡಿ. ಬಿರುಕು ಕಂಡರೆ ನೀರಲ್ಲಿ ಕಲಸಿ ಮೆತ್ತಬಹುದು.

ಕಿಟ್ ಜೊತೆ ಬರುವುದು ಇಂಗ್ಲಿಷ್ ಅಕ್ಷರದ ಅಚ್ಚು. ಹೆಸರನ್ನು ಕನ್ನಡದಲ್ಲೇ ಬರೆಯುವ ಮನಸ್ಸಿದ್ದರೆ ಅರ್ಧ ಗಂಟೆ ಬಿಟ್ಟು, ಖಾಲಿ ರೀಫಿಲ್ ತುದಿಯಿಂದ ಬರೆಯಿರಿ. ಹಸಿ ಜೇಡಿಯಲ್ಲಿ ತಿರುವು ಬಂದಲ್ಲೆಲ್ಲ ಅಂಚು ಎದ್ದು, 'ಜಿಮ್ಮಿ'ಯ ಒತ್ತು ಮುಚ್ಚಿಹೋಗುತ್ತದೆ.

ದಂತವೈದ್ಯರು ಹಲ್ಲಿನ ಅಳತೆಗೆ ಬಳಸುವ ಆಲ್ಜಿನೇಟ್ ಪುಡಿಯಿಂದ ಇಡೀ ಪಾದದ ಪಡಿಯಚ್ಚು ತೆಗೆಯುವ ಕಿಟ್‌ಗಳೂ ಇವೆ. ಫಲ ಅದ್ಭುತ, ಆದರೆ ಕೂದಲಿಗೆ ವ್ಯಾಸಲಿನ್ ದಪ್ಪಗೆ ಸವರಲೇಬೇಕು, ಪುಡಿ ಗಟ್ಟಿಯಾಗುವ ಕೆಲವು ನಿಮಿಷ ಕಾಲು ಅಲುಗಬಾರದು. ಬೇಸಿಗೆಯಲ್ಲಿ ತಣ್ಣೀರು ಬಳಸದಿದ್ದರೆ ಕಲಸುವಾಗಲೇ ಗಡ್ಡೆಕಟ್ಟುತ್ತದೆ. ಕಾಲು ಹೊರತೆಗೆದ ಕೂಡಲೇ ಆ ಅಚ್ಚಿನೊಳಗೆ ಪ್ಲಾಸ್ಟರ್ ಆಫ್ ಪ್ಯಾರಿಸನ್ನು ಸುರಿಯಬೇಕು, ಬಿಟ್ಟರೆ ಅಚ್ಚು ಒಣಗಿ ಕುಗ್ಗುತ್ತದೆ. ಪ್ಲಾಸ್ಟರನ್ನು ನೇರ ಕಾಲಿಗೆ ಎಂದೂ ಹಾಕಬೇಡಿ, ಗಟ್ಟಿಯಾಗುವಾಗ ಅದು ಕಾಯುತ್ತದೆ, ಚರ್ಮ ಸುಡುತ್ತದೆ. ಶಾಯಿ ಪ್ಯಾಡಿನ ಕಿಟ್ ಬೇಡ. ಉಗುರು ತಾಗಿ ಹಾಳೆ ಹರಿಯುತ್ತದೆ, ಮೂಡುವುದೂ ಐದು ಮಸಿ ಚುಕ್ಕೆ.

ಮೈದಾ, ಉಪ್ಪು ಕಲಸಿ ಮನೆಯಲ್ಲೇ ಮಾಡುವ ಹಿಟ್ಟಿನ ಅಚ್ಚು ಅಗ್ಗ ನಿಜ. ಆದರೆ ಉಪ್ಪು ಗಾಳಿಯ ತೇವ ಎಳೆದು ಮಳೆಗಾಲದಲ್ಲಿ ಬೆವರುತ್ತದೆ. ಮನೆಯಲ್ಲಿ ಇನ್ನೊಂದು ನಾಯಿ ಇದ್ದು ಅದನ್ನು ತಿಂದರೆ, ಅಷ್ಟು ಉಪ್ಪು ಅದರ ಜೀವಕ್ಕೇ ಕುತ್ತು.

ಒಣಗಿದ ಮೇಲೆ ನೀರು ಬೆರೆಸದ ಅಕ್ರಿಲಿಕ್ ವಾರ್ನಿಷನ್ನು ಎರಡು ಕೋಟ್ ಹೊಡೆಯಿರಿ. ಜೇಡಿಯಲ್ಲಿ ಒಂದೆರಡು ಕೂದಲು ಸಿಕ್ಕಿಕೊಂಡಿದ್ದರೆ ಚಿಮಟದಿಂದ ಕೀಳಬೇಡಿ, ಅಂಚು ಕಿತ್ತುಬರುತ್ತದೆ. ವಾರ್ನಿಷ್ ಅದರ ಮೇಲೆಯೇ ಹೋಗಲಿ, ಕೂದಲು ಅಲ್ಲೇ ಉಳಿಯಲಿ.